ಹೇಳದೇ ಉಳಿದ ಮೂರನೇ ವಾಕ್ಯ

ಮಾರ್ಚ್ 5ರ ಬೆಳಿಗ್ಗೆ ಲ್ಯಾಬ್‌ನಲ್ಲಿ ಪಕ್ಕ ಕೂತಿದ್ದವನು ನನ್ನ ಹಣೆ ನೋಡಿ ಜೇಬಿನಿಂದ ಕರ್ಚೀಫು ತೆಗೆದುಕೊಟ್ಟ. ‘ಮಸಿ ಹತ್ತಿದೆ, ಒರೆಸ್ಕೊ ಮಗಾ’ ಅಂದ. ಮಸಿಯಲ್ಲ, ಬೂದಿ ಅಂದೆ. ಅವನಿಗೆ ಇನ್ನೂ ಗೊಂದಲವಾಯಿತು.

ಅಂದು ಬೂದಿ ಬುಧವಾರ. ನಾವು ಕ್ರೈಸ್ತರು ತಪಸ್ಸುಕಾಲ ಆರಂಭಿಸುವ ದಿನ. ಹಿಂದಿನ ವರ್ಷ ಗರಿಗಳ ಭಾನುವಾರ ಮನೆಗೆ ಒಯ್ದ ತೆಂಗಿನ ಗರಿಗಳು ದೇವರ ಪಟದ ಹಿಂದೆ ವರ್ಷವಿಡೀ ಒಣಗುತ್ತವೆ. ಅವನ್ನು ವಾಪಸ್ ತಂದು ಸುಟ್ಟು ಬೂದಿ ಮಾಡುತ್ತಾರೆ. ಗುರುಗಳು ಆ ಬೂದಿಯಲ್ಲಿ ಹಣೆಗೆ ಶಿಲುಬೆ ಬರೆದು, ನೀನು ಮಣ್ಣು, ಮತ್ತೆ ಮಣ್ಣಿಗೇ ಹೋಗುವವನು ಎಂದು ನೆನಪಿಸುತ್ತಾರೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಲೆಕ್ಕ ಹಾಕಿದರೆ 46 ದಿನ. ಆದರೂ ನಲವತ್ತು ದಿನದ ತಪಸ್ಸು ಅನ್ನುತ್ತೇವೆ. ಚಿಕ್ಕವನಿದ್ದಾಗ ಇದೇನೋ ಮೋಸ ಅನ್ನಿಸುತ್ತಿತ್ತು. ನಡುವಿನ ಆರು ಭಾನುವಾರಗಳನ್ನು ಬಿಟ್ಟು ಎಣಿಸಬೇಕು ಎಂದು ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಹೇಳಿಕೊಟ್ಟ ಮೇಲೆ ಸಮಾಧಾನವಾಯಿತು.

ನಾನು ಬಿಇ ಮೂರನೇ ವರ್ಷ, ಎಲೆಕ್ಟ್ರಾನಿಕ್ಸ್. ಬೆಂಗಳೂರಿನಲ್ಲಿ ಮೂವರು ಗೆಳೆಯರು ಒಂದು ರೂಮು ಮಾಡಿಕೊಂಡಿದ್ದೇವೆ. ಈ ವರ್ಷ ರಂಜಾನ್ ಮತ್ತು ತಪಸ್ಸುಕಾಲ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಕಲಬುರಗಿಯ ಗೆಳೆಯ ಮಾರ್ಚ್ 2ರಿಂದ ರೋಜಾ ಹಿಡಿದಿದ್ದ. ಅವನು ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದರೆ ನಮಗೂ ಎಚ್ಚರ. ಹೊರಗೆ ಸುಡುವ ಬಿಸಿಲು, ಅವನ ಬಾಯಿಗೆ ಒಂದು ಹನಿ ನೀರಿಲ್ಲ. ನಮ್ಮ ಸಭೆಯ ನಿಯಮದಲ್ಲಿ ಹದಿನೆಂಟು ತುಂಬಿದವರಿಗೆ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು. ನಮ್ಮ ಮನೆಯಲ್ಲಿ ನಲವತ್ತೂ ದಿನ ಬಿಡುವ ರೂಢಿ. ‘ನಲವತ್ತು ದಿನ ಚಿಕನ್ ಇಲ್ಲ’ ಎಂದು ನಾನು ಹೆಮ್ಮೆಯಿಂದ ಹೇಳಿದಾಗ ಅವನು ನಕ್ಕ. ಆದರೆ ಸಂಜೆ ಇಫ್ತಾರ್‌ಗೆ ತರುವ ಸಮೋಸದಲ್ಲಿ ನನಗಾಗಿ ಒಂದು ಈರುಳ್ಳಿಯದ್ದನ್ನು ಮರೆಯದೆ ಸೇರಿಸುತ್ತಿದ್ದ.

ಮಾಂಸ ಬಿಡುವುದು ಕಷ್ಟವಾಗಲಿಲ್ಲ. ಬಿಡಲಾಗದ್ದು ಬೇರೆ ಇತ್ತು.

ಬೂದಿ ಬುಧವಾರಕ್ಕೆ ಒಂದು ವಾರ ಮುಂಚೆ ಐದನೇ ಸೆಮಿಸ್ಟರ್ ಫಲಿತಾಂಶ ಬಂದಿತ್ತು. ಎರಡು ವಿಷಯಗಳಲ್ಲಿ ಫೇಲ್. ಮೂರನೇ ಸೆಮಿಸ್ಟರ್‌ನ ಗಣಿತ ಮೊದಲೇ ಉಳಿದಿತ್ತು, ಅದನ್ನು ಮತ್ತೆ ಬರೆದರೂ ಹೋಗಲಿಲ್ಲ. ಒಟ್ಟು ಮೂರು ಬ್ಯಾಕ್‌ಲಾಗ್. ಅದರಲ್ಲಿ ಒಂದು ಡಿಜಿಟಲ್ ಕಮ್ಯುನಿಕೇಷನ್. ಕಮ್ಯುನಿಕೇಷನ್‌ನಲ್ಲಿ ಫೇಲಾದವನು ಅದೇ ಸಂಜೆ ಮನೆಗೆ ಫೋನ್ ಮಾಡಿ ‘ಎಲ್ಲಾ ಪಾಸ್ ಅಪ್ಪ’ ಅಂದೆ. ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ‘ಆಯ್ತಪ್ಪ. ಊಟ ಮಾಡು ಹೊತ್ತೊತ್ತಿಗೆ’ ಅಂದರು. ಫೋನ್ ಇಟ್ಟರು.

ಅದಕ್ಕಿಂತ ದೊಡ್ಡದು ದುಡ್ಡಿನ ವಿಚಾರ. ಪ್ಲೇಸ್‌ಮೆಂಟ್‌ಗೆ ಅನುಕೂಲವಾಗುವ ಒಂದು ಕೋರ್ಸ್ ಸೇರುತ್ತೇನೆಂದು ಅಕ್ಕನಿಂದ 14,000 ರೂಪಾಯಿ ತೆಗೆದುಕೊಂಡಿದ್ದೆ. ಅಕ್ಕ ಪಿಯುಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಇಬ್ಬರನ್ನೂ ಓದಿಸಲು ಆಗದು ಎಂದಾಗ ತಾನೇ ಓದು ಬಿಟ್ಟು ಗಾರ್ಮೆಂಟ್ಸ್‌ಗೆ ಹೋದಳು. ಅವಳು ಚೀಟಿ ಎತ್ತಿ ಕೊಟ್ಟ ಹಣ ಅದು. ಕೋರ್ಸ್‌ಗೆ ಕಟ್ಟುವ ಕೊನೆಯ ದಿನ ಇನ್ನೂ ದೂರವಿತ್ತು. ಅಷ್ಟರೊಳಗೆ ಮೊಬೈಲ್‌ನಲ್ಲಿ ಕ್ರಿಕೆಟ್ ತಂಡ ಕಟ್ಟಿ ಹಣ ಹೂಡುವ ಆಟಕ್ಕೆ ಐನೂರು ಹಾಕಿದೆ. ಎಂಟುನೂರು ಬಂತು. ಆಮೇಲಿನದ್ದನ್ನು ಬಿಡಿಸಿ ಹೇಳಬೇಕಿಲ್ಲ. ಭಾರತದ ಆಸ್ಟ್ರೇಲಿಯಾ ಟೆಸ್ಟ್ ಸರಣಿ ಮುಗಿಯುವಷ್ಟರಲ್ಲಿ ನನ್ನ ಖಾತೆಯೂ ಮುಗಿದಿತ್ತು. ತಪಸ್ಸುಕಾಲದಲ್ಲಿ ಆ ಆಟ ಬಿಟ್ಟಿದ್ದೆ, ನಿಜ. ಅದನ್ನು ತ್ಯಾಗ ಅನ್ನಲಾಗದು, ಜೇಬಿನಲ್ಲಿ ದುಡ್ಡೇ ಇರಲಿಲ್ಲ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಚರ್ಚಿನಲ್ಲಿ ಶಿಲುಬೆ ಹಾದಿ ಇರುತ್ತದೆ. ಯೇಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿಯವರೆಗೆ ಹದಿನಾಲ್ಕು ಸ್ಥಳಗಳು. ಒಂದೊಂದು ಚಿತ್ರದ ಮುಂದೆ ನಿಂತು, ಮೊಣಕಾಲೂರಿ, ಮುಂದೆ ಸಾಗುವುದು. ಮೂರನೇ ಸ್ಥಳದಲ್ಲಿ ಯೇಸು ಬೀಳುತ್ತಾನೆ. ಏಳರಲ್ಲಿ ಮತ್ತೆ, ಒಂಬತ್ತರಲ್ಲಿ ಮತ್ತೆ. ಮೂರು ಸಲ. ನನ್ನ ಮೂರು ವಿಷಯಗಳ ಲೆಕ್ಕಕ್ಕೆ ಇದನ್ನು ಹೊಂದಿಸಿಕೊಂಡು ಒಳಗೊಳಗೇ ನಕ್ಕೆ. ನಗು ಬಹಳ ಹೊತ್ತು ಉಳಿಯಲಿಲ್ಲ. ಅವನು ಬಿದ್ದದ್ದು ಹೆಗಲ ಮೇಲೆ ಇನ್ನೊಬ್ಬರ ಭಾರವಿತ್ತೆಂದು. ನಾನು ಬಿದ್ದದ್ದು ನನ್ನ ಭಾರವನ್ನೆಲ್ಲ ಅಕ್ಕನ ಹೆಗಲಿಗೆ ಹಾಕಿ.

ಅದೇ ವಾರ ಚರ್ಚಿನ ಗೇಟಿಗೆ ಧ್ಯಾನಕೂಟದ ಬ್ಯಾನರ್ ಕಟ್ಟಿದ್ದರು. ವಿಷಯ: ದೇವರ ಪ್ರೀತಿಯ ಆಳ. ಫೋನ್‌ನಲ್ಲಿ ಬೇರೆ ಮಾತು ಸಿಗದೆ ಅಪ್ಪನಿಗೆ ಅದನ್ನು ಹೇಳಿದೆ. ಅಪ್ಪ ರೇಷ್ಮೆ ಬೆಳೆಯುವವರು. ಕನಕಪುರ ತಾಲ್ಲೂಕಿನ ನಮ್ಮೂರಲ್ಲಿ ಆಳ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೋರ್‌ವೆಲ್. ‘ನಾವು ಒಂಬೈನೂರು ಅಡಿ ಇಳಿಸಿದ್ವಿ, ಬರೀ ಧೂಳು ಬಂತು. ಎಷ್ಟಡಿಗೆ ನೀರು ಸಿಗುತ್ತೆ ಅಂತ ಫಾದರ್‌ನ ಕೇಳ್ಕೊಂಡು ಬಾ’ ಅಂದರು. ನಾನೂ ನಕ್ಕೆ. ಆ ನಗುವಿನ ಮಧ್ಯೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಮಾರ್ಚ್ 30, ತಪಸ್ಸುಕಾಲದ ನಾಲ್ಕನೇ ಭಾನುವಾರ. ಅಂದೇ ಯುಗಾದಿ. ರೂಮಿನ ಇನ್ನೊಬ್ಬ ಗೆಳೆಯ ಹಬ್ಬಕ್ಕೆ ಊರಿಗೆ ಹೋಗಿದ್ದ. ಕೆಳಗಿನ ಮನೆಯ ಆಂಟಿ ಬೇವು-ಬೆಲ್ಲ ಕೊಟ್ಟರು, ತಿಂದು ಚರ್ಚಿಗೆ ಹೋದೆ. ಅಂದಿನ ಶುಭಸಂದೇಶ ವಾಚನ ದುಂದುಗಾರ ಮಗನ ಕಥೆ. ಲೂಕನ ಶುಭಸಂದೇಶದ ಹದಿನೈದನೇ ಅಧ್ಯಾಯದಲ್ಲಿದೆ. ಕ್ರೈಸ್ತರಲ್ಲದವರೂ ಎಲ್ಲೋ ಒಂದು ಕಡೆ ಕೇಳಿರುತ್ತೀರಿ. ಕಿರಿಯ ಮಗ ಅಪ್ಪ ಬದುಕಿರುವಾಗಲೇ ಆಸ್ತಿಯಲ್ಲಿ ಪಾಲು ಕೇಳುತ್ತಾನೆ. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಇದು ಎಂಥ ಮಾತು ಎಂದು ಗೊತ್ತಲ್ಲ, ನೀನು ಸತ್ತರೂ ನನಗೆ ಅಡ್ಡಿಯಿಲ್ಲ ಅಂದಹಾಗೆ. ಪಾಲು ತೆಗೆದುಕೊಂಡು ದೂರದೇಶಕ್ಕೆ ಹೋಗಿ ಎಲ್ಲ ಕಳೆಯುತ್ತಾನೆ. ಬರಗಾಲ ಬರುತ್ತದೆ. ಹಂದಿ ಕಾಯುವ ಕೆಲಸಕ್ಕೆ ಸೇರಿ, ಹಂದಿ ತಿನ್ನುವ ಕಾಯನ್ನಾದರೂ ತಿನ್ನೋಣವೆಂದು ಆಸೆಪಡುವ ಸ್ಥಿತಿಗೆ ಬರುತ್ತಾನೆ.

ಈ ಕಥೆಯನ್ನು ಇಪ್ಪತ್ತು ವರ್ಷ ಕೇಳಿದ್ದೇನೆ. ಅಂದು ಮಾತ್ರ ಗುರುಗಳು ಒಂದು ಸಣ್ಣ ಸಂಗತಿಯ ಕಡೆ ಬೊಟ್ಟುಮಾಡಿದರು. ಮನೆಗೆ ಮರಳಬೇಕೆಂದು ತೀರ್ಮಾನಿಸಿದ ಮಗ ಅಪ್ಪನಿಗೆ ಏನು ಹೇಳಬೇಕೆಂದು ಮೊದಲೇ ಬಾಯಿಪಾಠ ಮಾಡಿಕೊಳ್ಳುತ್ತಾನೆ. ಮೂರು ವಾಕ್ಯ. ದೇವರಿಗೂ ನಿಮಗೂ ತಪ್ಪು ಮಾಡಿದೆ ಎಂಬುದು ಒಂದು. ನಿಮ್ಮ ಮಗ ಎನ್ನಿಸಿಕೊಳ್ಳಲು ನಾನು ಯೋಗ್ಯನಲ್ಲ ಎಂಬುದು ಎರಡು. ನನ್ನನ್ನು ಕೂಲಿಯಾಳಾಗಿ ಇಟ್ಟುಕೊಳ್ಳಿ ಎಂಬುದು ಮೂರು. ಅಪ್ಪನ ಮುಂದೆ ನಿಂತಾಗ ಅವನು ಹೇಳಲು ಸಾಧ್ಯವಾಗುವುದು ಎರಡನ್ನು ಮಾತ್ರ. ಮೂರನೆಯದು ಬಾಯಿಂದ ಬರುವ ಮೊದಲೇ ಅಪ್ಪ ಆಳುಗಳನ್ನು ಕರೆದು ಒಳ್ಳೆಯ ಬಟ್ಟೆ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಚಪ್ಪಲಿ ತೊಡಿಸಿ ಎನ್ನುತ್ತಾನೆ. ಆ ಕಾಲದಲ್ಲಿ ಬರಿಗಾಲು ಗುಲಾಮರ ಗುರುತು. ಚಪ್ಪಲಿ ತೊಡಿಸಿದ ಮೇಲೆ ಕೂಲಿಯಾಳಾಗುವ ಮಾತೇ ಇಲ್ಲ.

ನಾನು ಬೆಂಚಿನ ತುದಿಯಲ್ಲಿ ಕೂತು ಬೆವರುತ್ತಿದ್ದೆ. ನನ್ನ ಬಳಿಯೂ ಮೂರು ವಾಕ್ಯ ತಯಾರಿದ್ದವು. ಒಂದು, ಫೇಲಾಗಿದ್ದೇನೆ. ಎರಡು, ಅಕ್ಕನ ದುಡ್ಡು ಕಳೆದಿದ್ದೇನೆ. ಮೂರು, ಓದು ಬಿಡುತ್ತೇನೆ, ಎಲ್ಲಾದರೂ ಡೆಲಿವರಿ ಕೆಲಸ ಮಾಡಿ ತೀರಿಸುತ್ತೇನೆ, ಇನ್ನು ನನ್ನ ಮೇಲೆ ಏನೂ ಆಸೆ ಇಟ್ಟುಕೊಳ್ಳಬೇಡಿ. ಮೂರನೆಯದು ತ್ಯಾಗದ ಹಾಗೆ ಕಾಣುತ್ತದೆ. ನಿಜ ಹೇಳಬೇಕೆಂದರೆ ಅದು ತಪ್ಪಿಸಿಕೊಳ್ಳುವ ದಾರಿ. ಆಳಾಗಿಬಿಟ್ಟರೆ ಅಪ್ಪನ ಕಣ್ಣು ನೋಡಿ ಬದುಕಬೇಕಿಲ್ಲ, ಲೆಕ್ಕ ಚುಕ್ತಾ ಮಾಡಿದರೆ ಸಾಕು.

ಇದೇ ದೃಶ್ಯವನ್ನು ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದಿದ್ದಾನೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ಆ ಚಿತ್ರದ ಪ್ರತಿ ನಮ್ಮ ಧರ್ಮೋಪದೇಶದ ಕೊಠಡಿಯಲ್ಲಿ ತೂಗಿತ್ತು. ಅಂದು ಪೂಜೆ ಮುಗಿಸಿ ಬಂದು ಮೊಬೈಲ್‌ನಲ್ಲಿ ಮತ್ತೆ ತೆಗೆದು ನೋಡಿದೆ. ಮಗ ಮೊಣಕಾಲೂರಿದ್ದಾನೆ, ತಲೆ ಬೋಳು, ಒಂದು ಕಾಲಿನ ಚಪ್ಪಲಿ ಕಳಚಿದೆ, ಸವೆದ ಅಂಗಾಲು ಕಾಣುತ್ತದೆ. ಮುದುಕ ಅಪ್ಪನ ಎರಡೂ ಕೈ ಮಗನ ಬೆನ್ನ ಮೇಲಿವೆ. ಆ ಕೈಗಳು ಒಂದೇ ತರ ಇಲ್ಲ. ಒಂದು ದಪ್ಪ, ಗಂಡಸಿನದು. ಇನ್ನೊಂದು ನಯ, ತಾಯಿಯದ್ದರಂತೆ. ರೆಂಬ್ರಾಂಟ್ ತರುಣನಾಗಿದ್ದಾಗ, 1635ರ ಸುಮಾರಿಗೆ, ಇದೇ ಕಥೆಯ ಇನ್ನೊಂದು ಚಿತ್ರ ಬರೆದಿದ್ದ. ಅದರಲ್ಲಿ ದುಂದುಗಾರ ಮಗನಿಗೆ ಅವನದೇ ಮುಖ, ಕೈಯಲ್ಲಿ ಮದ್ಯದ ಲೋಟ, ತೊಡೆಯ ಮೇಲೆ ಹೆಣ್ಣು, ಮುಖದ ತುಂಬ ನಗು. 1656ರಲ್ಲಿ ಅವನು ದಿವಾಳಿಯಾದ. ಹೆಂಡತಿ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ಮರಳಿ ಬಂದ ಮಗನ ಚಿತ್ರ ಅವನ ಬದುಕಿನ ಕೊನೆಯ ವರ್ಷಗಳದ್ದು, 1669ರಲ್ಲಿ ಅವನೇ ಹೋದ. ನನ್ನ ವಯಸ್ಸಿನವರಿಗೆ ಮೊದಲ ಚಿತ್ರ ಬೇಗ ಅರ್ಥವಾಗುತ್ತದೆ. ಎರಡನೆಯದು ಅರ್ಥವಾಗಲು ಏನಾದರೂ ಕಳೆದುಕೊಂಡಿರಬೇಕು.

ಮರುದಿನ ಸೋಮವಾರ ರಂಜಾನ್ ರಜೆ. ಹಬ್ಬಕ್ಕೆ ಇರು ಅಂತ ಗೆಳೆಯ ಹಿಡಿದುಕೊಂಡ. ಬಿರಿಯಾನಿ ಬೇರೆ ನಾನು ತಿನ್ನುವಂತಿರಲಿಲ್ಲ. ಸಂಜೆಯ ಬಸ್ಸು ಹತ್ತಿದೆ. ಕನಕಪುರದಲ್ಲಿ ಇಳಿದು ಊರು ತಲುಪುವ ಹೊತ್ತಿಗೆ ರಾತ್ರಿ ಒಂಬತ್ತೂವರೆ. ದಾರಿಯುದ್ದಕ್ಕೂ ಮೂರು ವಾಕ್ಯ ಒಪ್ಪಿಸಿಕೊಳ್ಳುತ್ತಾ ಬಂದೆ.

ಅಪ್ಪ ಹುಳು ಮನೆಯಲ್ಲಿದ್ದರು. ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ರೇಷ್ಮೆ ಹುಳು ತನ್ನ ಇಡೀ ಬದುಕಿನಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ಕೊನೆಯ ಆರೇಳು ದಿನಗಳಲ್ಲೇ ತಿನ್ನುತ್ತದೆ. ಆಗ ಮನೆಯವರಿಗೆ ರಾತ್ರಿ ನಿದ್ದೆ ಇಲ್ಲ. ಸಾವಿರಾರು ಹುಳು ಒಟ್ಟಿಗೆ ಮೇಯುವ ಸದ್ದು ಹೊರಗೆ ಸೋನೆ ಮಳೆ ಹಿಡಿದಹಾಗೆ ಕೇಳುತ್ತದೆ. ಬಾಗಿಲಲ್ಲಿ ನಿಂತು ‘ಅಪ್ಪ’ ಅಂದೆ. ತಿರುಗಿ ನೋಡಿದರು. ‘ಬಂದ್ಯಾ?’ ಅಂದರು, ನಾನು ಬರುವುದನ್ನು ಮೊದಲೇ ತಿಳಿದಿದ್ದವರಂತೆ.

‘ಅಪ್ಪ, ನಾನು ಫೇಲಾಗಿದೀನಿ. ಮೂರು ಸಬ್ಜೆಕ್ಟು. ಅಕ್ಕನ ದುಡ್ಡು...’

‘ಗೊತ್ತು. ಕೈಕಾಲು ತೊಳ್ಕೊಂಡು ಬಾ, ಸೊಪ್ಪು ಹಾಕ್ಬೇಕು.’

ನನ್ನ ಯುಎಸ್‌ಎನ್ ಮೊದಲ ಸೆಮಿಸ್ಟರ್‌ನಿಂದಲೇ ಅಕ್ಕನ ಫೋನಿನಲ್ಲಿತ್ತು. ಆ ಸಂಖ್ಯೆ ಗೊತ್ತಿದ್ದರೆ ಫಲಿತಾಂಶವನ್ನು ಯಾರು ಬೇಕಾದರೂ ನೋಡಬಹುದು. ಅದು ಬಂದ ಮಧ್ಯಾಹ್ನವೇ ಗಾರ್ಮೆಂಟ್ಸ್‌ನ ಊಟದ ಬಿಡುವಿನಲ್ಲಿ ಅವಳು ನೋಡಿದ್ದಳು. ಕೋರ್ಸ್‌ನವರಿಗೂ ಫೋನ್ ಮಾಡಿ, ಆ ಹೆಸರಿನವರು ಸೇರಿಯೇ ಇಲ್ಲ ಎಂದು ತಿಳಿದುಕೊಂಡಿದ್ದಳು. ನಾನು ‘ಎಲ್ಲಾ ಪಾಸ್’ ಅಂದಾಗ ಅಪ್ಪನಿಗೆ ಎಲ್ಲ ಗೊತ್ತಿತ್ತು. ಬೋರ್‌ವೆಲ್ ತಮಾಷೆ ಮಾಡಿದಾಗಲೂ ಗೊತ್ತಿತ್ತು. ಒಂದು ತಿಂಗಳ ಮೇಲೆ ಆ ಮನುಷ್ಯ ನನ್ನ ಸುಳ್ಳನ್ನು ಪ್ರತಿದಿನ ಫೋನಿನಲ್ಲಿ ಕೇಳಿಸಿಕೊಂಡು, ಊಟ ಆಯ್ತಾ ಎಂದು ವಿಚಾರಿಸಿದ್ದರು.

ಸೊಪ್ಪು ಹಾಕುತ್ತಾ, ಯಾಕೆ ಕೇಳಲಿಲ್ಲ ಅಂದೆ. ಅಪ್ಪ ಹೆಚ್ಚು ಮಾತಿನವರಲ್ಲ. ‘ಜ್ವರಕ್ಕೆ ಕೂತ ಹುಳುನ ಮುಟ್ಟಬಾರದು. ತಾನಾಗೇ ಏಳ್ಬೇಕು’ ಅಂದರು.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅದು ತಿನ್ನುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಕೂತಿರುತ್ತದೆ. ಉಪವಾಸ ಅಂದುಕೊಳ್ಳಿ. ಆಗ ಅದನ್ನು ಕದಲಿಸಿದರೆ ಹಳೆಯ ಚರ್ಮ ಸರಿಯಾಗಿ ಕಳಚದೆ ಹುಳು ಸಾಯಬಹುದು. ಹಾಗೆಂದು ಬೆಳೆಗಾರ ಮಲಗಿಬಿಡುವುದಿಲ್ಲ. ಗಾಳಿ, ಶಾಖ ನೋಡಿಕೊಳ್ಳುತ್ತಾ, ಯಾವುದು ಎದ್ದಿತು, ಯಾವುದು ಇನ್ನೂ ಕೂತಿದೆ ಎಂದು ಪದೇ ಪದೇ ಬಂದು ಇಣುಕುತ್ತಾನೆ. ದುಂದುಗಾರ ಮಗನ ಕಥೆಯಲ್ಲಿ, ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪನ ಕಣ್ಣಿಗೆ ಬೀಳುತ್ತಾನೆ ಎಂದಿದೆ. ಅಂದರೆ ಅಪ್ಪ ದಿನವೂ ಆ ದಾರಿ ನೋಡುತ್ತಿದ್ದ. ಅವನು ಆಳು ಕಳಿಸಿ ಹುಡುಕಿಸಿ ಎಳೆದು ತರಲಿಲ್ಲವೇಕೆ ಎಂಬ ಪ್ರಶ್ನೆ ನನಗೆ ಮೊದಲಿನಿಂದಲೂ ಇತ್ತು. ಉತ್ತರವನ್ನು ಹುಳು ಮನೆಯಲ್ಲಿ ಕೇಳುತ್ತೇನೆಂದು ಅಂದುಕೊಂಡಿರಲಿಲ್ಲ.

ನನ್ನ ಮೂರನೇ ವಾಕ್ಯ ಹೇಳಲು ಆ ರಾತ್ರಿ ಸಮಯ ಸಿಗಲಿಲ್ಲ. ತಟ್ಟೆಗಳು ಬಹಳ ಇದ್ದವು.

ಇಲ್ಲಿಗೆ ನಿಲ್ಲಿಸಿದರೆ ಇದು ಚೆಂದದ ಕಥೆ. ಆದರೆ ಆ ಮನೆಯಲ್ಲಿ ಅಕ್ಕ ಇದ್ದಳು. ಬೆಳಿಗ್ಗೆ ನನ್ನನ್ನು ನೋಡಿ ಒಂದೇ ಮಾತು ಅಂದಳು. ‘ನನ್ನ ಚೀಟಿ ದುಡ್ಡು ಸೊಪ್ಪಲ್ಲ ಕಣೋ, ಕುಯ್ದ್ರೆ ಮತ್ತೆ ಚಿಗುರೋಕೆ.’ ಆಮೇಲೆ ಮಾತು ಬಿಟ್ಟಳು. ಅಮ್ಮ ಸಮಾಧಾನ ಮಾಡಲು ಹೋದರೆ, ‘ಅವನು ಏನ್ ಮಾಡಿದ್ರೂ ನಡಿಯುತ್ತೆ, ನಾನು ಒಂದು ದಿನ ರಜ ಹಾಕಿದ್ರೆ ಮಾತ್ರ ಲೆಕ್ಕ’ ಅಂದದ್ದು ಅಡುಗೆಮನೆಯಿಂದ ಕೇಳಿಸಿತು. ಅವಳ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಕಥೆಯಲ್ಲಿ ಹಿರಿಯ ಮಗನೊಬ್ಬನಿದ್ದಾನೆ. ಹೊಲದಿಂದ ಬರುವಾಗ ಹಾಡು-ಕುಣಿತ ಕೇಳಿ, ವಿಷಯ ತಿಳಿದು, ಮನೆಯೊಳಗೆ ಕಾಲಿಡುವುದಿಲ್ಲ. ಇಷ್ಟು ವರ್ಷ ದುಡಿದ ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲ, ಇವನಿಗೆ ಕೊಬ್ಬಿದ ಕರುವೇ ಎನ್ನುತ್ತಾನೆ. ಚಿಕ್ಕವನಾಗಿದ್ದಾಗ ಅವನನ್ನು ಹೊಟ್ಟೆಕಿಚ್ಚಿನವನು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಕ್ಷಮಿಸುವ ಅಪ್ಪನ ಔದಾರ್ಯದ ಖರ್ಚು ಆ ಮನೆಯಲ್ಲಿ ಇನ್ನೊಬ್ಬರ ದುಡಿಮೆಯಿಂದಲೂ ಹೋಗುತ್ತದೆ. ಅಂದು ಮಧ್ಯಾಹ್ನ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಪ್ಪ ಹೋಗಿ ಪಕ್ಕದ ಕಲ್ಲಿನ ಮೇಲೆ ಕೂತರು. ಏನು ಮಾತಾಡಿದರೋ ಕೇಳಿಸಲಿಲ್ಲ. ಬಹಳ ಹೊತ್ತು ಕೂತಿದ್ದರು. ಕಥೆಯ ಅಪ್ಪನೂ ಹಾಗೆಯೇ ಎರಡು ಸಲ ಹೊಸ್ತಿಲು ದಾಟುತ್ತಾನೆ. ಕೆಟ್ಟು ಬಂದವನಿಗಾಗಿ ಒಮ್ಮೆ, ಕೆಡದೆ ಮುನಿದವನಿಗಾಗಿ ಇನ್ನೊಮ್ಮೆ. ಹಿರಿಯವನು ಕೊನೆಗೆ ಒಳಗೆ ಬಂದನೇ ಎಂಬುದನ್ನು ಯೇಸು ಹೇಳುವುದಿಲ್ಲ. ಕಥೆ ಅಲ್ಲಿಗೇ ನಿಲ್ಲುತ್ತದೆ.

ಬೆಂಗಳೂರಿಗೆ ವಾಪಸಾದ ಮೇಲೆ ಪಾಪನಿವೇದನೆಗೆ ಹೋದೆ. ಗುರುಗಳಿಗೆ ಎಲ್ಲ ಹೇಳಿದೆ, ಊರಿಗೆ ಹೋಗುವುದೇ ಬೇಡ, ಫೋನ್ ಆಫ್ ಮಾಡಿ ಎಲ್ಲಾದರೂ ಹೊರಟುಹೋಗೋಣ ಎಂದು ಫೆಬ್ರುವರಿಯಲ್ಲಿ ಅನ್ನಿಸಿದ್ದನ್ನೂ. ಅವರು ಪೇತ್ರ ಮತ್ತು ಯೂದನ ವಿಷಯ ತೆಗೆದರು. ಇಬ್ಬರೂ ಒಂದೇ ರಾತ್ರಿ ಯೇಸುವಿಗೆ ದ್ರೋಹ ಮಾಡಿದವರು. ಒಬ್ಬ ಹಿಡಿದುಕೊಟ್ಟ, ಇನ್ನೊಬ್ಬ ಅವನು ಯಾರೋ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿದ. ಇಬ್ಬರೂ ಪಶ್ಚಾತ್ತಾಪಪಟ್ಟರು. ಯೂದ ಮೂವತ್ತು ಬೆಳ್ಳಿ ನಾಣ್ಯಗಳನ್ನೂ ವಾಪಸ್ ಮಾಡಿದ. ನೋಡಿದರೆ ಪೇತ್ರನಿಗಿಂತ ಒಂದು ಹೆಜ್ಜೆ ಮುಂದೆ. ಆದರೆ ಅವನು ದುಡ್ಡನ್ನು ಮಾತ್ರ ಹಿಂದಿರುಗಿಸಿದ, ತಾನು ಹಿಂದಿರುಗಲಿಲ್ಲ. ಪೇತ್ರ ಅತ್ತು, ಉಳಿದ ಶಿಷ್ಯರ ನಡುವೆ ಮುಖ ತಗ್ಗಿಸಿಕೊಂಡಾದರೂ ಇದ್ದ. ಉಳಿದದ್ದನ್ನು ಈಸ್ಟರ್ ನೋಡಿಕೊಂಡಿತು. ಪರೀಕ್ಷೆಯಲ್ಲೋ ಇಂಟರ್‌ವ್ಯೂನಲ್ಲೋ ಸೋತು, ಮನೆಯ ನಂಬರ್ ಕಂಡರೆ ಕೈ ನಡುಗುವ ಯಾರಾದರೂ ಇದನ್ನು ಓದುತ್ತಿದ್ದರೆ, ಈ ಒಂದು ಭಾಗವನ್ನು ನಿಮಗಾಗಿಯೇ ಬರೆದಿದ್ದೇನೆ.

ಕ್ಷಮೆ ಸಿಕ್ಕಿತೆಂದು 14,000 ವಾಪಸ್ ಬರಲಿಲ್ಲ, ಗಣಿತ ಸುಲಭವಾಗಲಿಲ್ಲ. ಸಂಜೆ ಹೈಸ್ಕೂಲಿನ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದೇನೆ. ಗಣಿತದಲ್ಲಿ ಫೇಲಾದವನು ಗಣಿತ ಹೇಳಿಕೊಡುವುದೇ ಎಂದು ಗೆಳೆಯರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಮುಂಗಡವಾಗಿ ಬಂದ ಮೊದಲ ಎರಡು ಸಾವಿರವನ್ನು ಅಕ್ಕನ ಖಾತೆಗೆ ಕಳಿಸಿದೆ. ಸಂದೇಶ ನೋಡಿದ್ದಾಳೆಂದು ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಏಪ್ರಿಲ್ 13, ಗರಿಗಳ ಭಾನುವಾರ, ಮತ್ತೆ ಊರಿಗೆ ಹೋಗಿದ್ದೆ. ಗೂಡು ರಾಮನಗರದ ಮಾರುಕಟ್ಟೆ ಸೇರಿ ಹುಳು ಮನೆ ಖಾಲಿಯಾಗಿತ್ತು, ಅಪ್ಪ ತಟ್ಟೆ ತೊಳೆದು ಬಿಸಿಲಿಗೆ ಹಾಕಿದ್ದರು. ಈ ಶುಕ್ರವಾರ ಹತ್ತಿರದ ಹಾರೋಬೆಲೆಗೆ ‘ಮಹಿಮೆ’ ನೋಡಲು ಎಲ್ಲರೂ ಹೋಗುವುದೆಂದು ಅಮ್ಮ ಹೇಳಿದರು. ಯೇಸುವಿನ ಪಾಡುಗಳನ್ನು ಆ ಊರಿನವರೇ ಪಾತ್ರ ಹಾಕಿ ಆಡುವ ನಾಟಕ ಅದು, ನೂರು ವರ್ಷ ದಾಟಿದೆ. ಅಕ್ಕ ಬರುತ್ತಾಳಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಹೊರಡುವ ಮುಂಚೆ ಚರ್ಚಿನಿಂದ ತಂದ ಗರಿಯನ್ನು ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎರಡು ವಾರದ ಮೇಲೆ ಬಾಯಿ ಬಿಟ್ಟಳು.

‘ಮ್ಯಾತ್ಸ್ ಮತ್ತೆ ಯಾವಾಗ ಬರೀತೀಯ?’

‘ಜೂನ್‌ನಲ್ಲಿ ಇರ್ಬೋದು.’

‘ಯುಎಸ್‌ಎನ್ ಅದೇ ತಾನೆ? ರಿಸಲ್ಟು ನಾನೇ ಮೊದ್ಲು ನೋಡೋದು’ ಅಂದು ಒಳಗೆ ಹೋದಳು.